ನಲವತ್ತು ಮೊಳೆಯ ಖಾನಾವಳಿ

ಅಬ್ದುಲರಜಾಕ ಹಾವೇರಿಯಿಂದ ಬ್ಯಾಡಗಿಯ ದಲಾಲಿ ಅಂಗಡಿಗೆ ಗುಮಾಸ್ತಿಕೆಗೆ ಬಂದ ಮೊದಲನೆಯ ದಿನವೇ ಜೈತೂನಬಿಯ ಖಾನಾವಳಿಯನ್ನು ಪಾತ್ರೆ ಅಂಗಡಿ ಎಂದು ತಿಳಿದುಬಿಟ್ಟ. ಬಿ.ಕಾಂ. ಪಾಸಾದ ಹುಡುಗ. ಪಾಸಾಗಿದ್ದೇನೆ ಎಂಬುದನ್ನು ಬಸ್ಸಿನ ಕಂಡಕ್ಟರನಿಗೂ ಹೇಳಿಕೊಂಡು ಬಂದಿದ್ದ. ಮಧ್ಯಾಹ್ನ ಹೊಟ್ಟೆ ಹಸಿದು ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಸೀನುತ್ತ ತಿರುಗುತ್ತಿದ್ದಾಗ ತೆರೆದ ಬಾಗಿಲೊಂದರ ಒಳಗೆ ಗೋಡೆಯ ತುಂಬ ತಾಟುಗಳು ಕಂಡವು. ನಾಲ್ಕು ಸಾಲು, ಸಾಲಿಗೆ ಹತ್ತು ಮೊಳೆ, ಕೆಲವು ಬಿಟ್ಟರೆ ಮೊಳೆಗೊಂದು ತಾಟು. ಅಂಚಿಗೆ ತೂತು ಹಾಕಿ, ದಾರ ಪೋಣಿಸಿ ತೂಗುಬಿಟ್ಟಿದ್ದರು. ಅವನ ಬಾಡಿಗೆ ಖೋಲಿಗೆ ಒಂದು ತಾಟು ಬೇಕಾಗಿತ್ತು. ಹೊಸ್ತಿಲಲ್ಲಿ ನಿಂತು, ಹೊಳೆಯುವುದೊಂದನ್ನು ತೋರಿಸಿ ಕೇಳಿದ.

"ಎಷ್ಟರೀ ಇದು?"

ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಗಸು ತಲೆ ಎತ್ತದೆ ಅಂದಳು: "ಐನೂರು."

"ಒಂದಕ್ಕ?"

"ಮತ್ತ? ಒಂದ್ ಮೊಳಿ ಇಬ್ಬರಿಗೆ ಹಂಚತಾರೇನು?"

"ಹಾವೇರಿಯಾಗ ಹದಿನೆಂಟು ರೂಪಾಯಿಗೆ ಸಿಗತೈತ್ರಿ. ಸ್ಟೀಲಿಂದು!"

"ಹಂಗಾರ ಹಾವೇರಿಗೇ ಹೋಗಿ ಉಣ್ಣು. ಬಾಗಲಾ ಬಿಡು, ಬೆಳಕ ಬರವಲ್ದು."

ಒಳಗೆ ಕೂತು ಉಣ್ಣುತ್ತಿದ್ದ ಹಮಾಲರಲ್ಲಿ ಇಬ್ಬರಿಗೆ ನಗು ತಡೆಯದೆ ತುತ್ತು ನೆತ್ತಿಗೇರಿತು. ಅವರ ಪೈಕಿ ದಪ್ಪ ಮೀಸೆಯ ಮೌಲಾಸಾಬ ಎದ್ದು ಬಂದು, ಹುಡುಗನ ಹೆಗಲ ಮೇಲೆ ಕೈ ಹಾಕಿ, ಅದು ಖಾನಾವಳಿ, ತಾಟುಗಳು ಉಣ್ಣುವವರವು, ಐನೂರು ರೂಪಾಯಿ ಇಡೀ ಸುಗ್ಗಿಯ ಊಟದ ಬೆಲೆ ಎಂದು ಬಿಡಿಸಿ ಹೇಳಿದ. ಮುಂದೆ ಒಂದು ತಿಂಗಳು ರಜಾಕನಿಗೆ ಮಾರುಕಟ್ಟೆ ಯಾರ್ಡಿನಲ್ಲಿ ಇದ್ದ ಹೆಸರು 'ಹದಿನೆಂಟ್ ರೂಪಾಯಿ'.

ಜೈತೂನಬಿಯ ವ್ಯವಹಾರ ಸರಳ. ಅವಳಿಗೆ ಓದು ಬರಹ ಬಾರದು, ಮೊಳೆ ಬರುತ್ತಿತ್ತು. ಡಿಸೆಂಬರಿನಿಂದ ಮಾರ್ಚಿ ಕೊನೆಯವರೆಗೆ ನಾಲ್ಕು ತಿಂಗಳು ಮೆಣಸಿನಕಾಯಿಯ ಸುಗ್ಗಿ. ಅದು ಹತ್ತುವ ಮುಂಚೆಯೇ ಐನೂರು ಎಣಿಸಿಕೊಟ್ಟವನಿಗೆ ಒಂದು ಮೊಳೆ. ತಾಟು ಅವನೇ ತರಬೇಕು. ದಿನಕ್ಕೆ ಎರಡು ಊಟ, ಊಟಕ್ಕೆ ನಾಲ್ಕು ರೊಟ್ಟಿ, ಪುಂಡಿಪಲ್ಯವೋ ಬೇಳೆಯೋ ಒಂದು, ಶೇಂಗಾದ ಚಟ್ನಿ, ಶುಕ್ರವಾರ ಖೀಮಾ. ಬಂದವನು ತಾಟು ಇಳಿಸಿಕೊಂಡು ಉಂಡು, ತೊಳೆದು ಬುಟ್ಟಿಗೆ ಹಾಕಿ ಹೋಗುತ್ತಾನೆ. ಗೋಡೆಯ ಮೇಲೆ ಉಳಿದ ತಾಟು ಬಾರದವನದು. ಬಾರದವನ ಊಟ ಮುಳುಗಿದಂತೆ, ಮರಳಿ ಕೊಡುವ ಮಾತಿಲ್ಲ. ಮೊಳೆ ಹಿಡಿಯದವರು ಊಟಕ್ಕೆ ಮೂರು ರೂಪಾಯಿ ಕೊಟ್ಟು ಪತ್ರಾವಳಿಯಲ್ಲಿ ಉಣ್ಣಬೇಕು.

ಗಂಡ ಇಸಾಕಸಾಬ ಹಮಾಲನಾಗಿದ್ದ. ಚೀಲ ಹೊತ್ತು ಹೊತ್ತು ಬೆನ್ನು ಹೋಯಿತು, ಖಾರದ ಧೂಳು ಕುಡಿದು ಎದೆ ಹೋಯಿತು, ಕೊನೆಗೆ ಅವನೂ ಹೋದ. ಮಣ್ಣಿಗೆ ಬಂದ ಹಮಾಲರು "ಹೆಂಗ ಮಾಡ್ತೀ ಭಾಭಿ?" ಎಂದು ಕೇಳಿದ್ದಕ್ಕೆ ಅವಳು "ನೀವೆಲ್ಲಾ ಎಲ್ಲಿ ಉಣ್ತೀರಿ?" ಎಂದು ತಿರುಗಿ ಕೇಳಿದ್ದಳಂತೆ. ಮರುವಾರವೇ ಗೋಡೆಗೆ ನಲವತ್ತು ಮೊಳೆ ಬಡಿದಳು. ನಗುವ ಹೆಂಗಸಲ್ಲ. ಐದನೆಯ ರೊಟ್ಟಿ ಕೇಳಿದವನನ್ನು ಅವಳು ನೋಡುವ ರೀತಿಗೆ ಅವನು ನಾಲ್ಕನೆಯದನ್ನೂ ಅರ್ಧಕ್ಕೆ ಬಿಡಬೇಕು. ಮೊಳೆ ಎಷ್ಟೋ ಅಷ್ಟೇ ಹಿಟ್ಟು ನಾದುವಳು, ಪತ್ರಾವಳಿಯವರಿಗೆ ರೊಕ್ಕ ಬಿದ್ದ ಮೇಲೆ ಬೇರೆ; ಒಂದು ಮುಷ್ಟಿ ಹೆಚ್ಚಿಲ್ಲ, ಕಡಿಮೆಯಿಲ್ಲ.

ಮುಂಗಡ ಯಾಕೆಂದರೆ ಮೇಡ್ಲೇರಿಯ ಪ್ರಭುಲಿಂಗಪ್ಪ. ಹೊಳೆಸಾಲಿನ ಜೋಳವನ್ನು ಆತ ನವೆಂಬರಿನಲ್ಲಿ ಟ್ರ್ಯಾಕ್ಟರಿನಲ್ಲಿ ತಂದು ಅವಳ ಬಾಗಿಲಿಗೆ ಇಳಿಸುತ್ತಿದ್ದ. ಪೇಟೆಯ ದರಕ್ಕಿಂತ ಸೋವಿ, ಆದರೆ ಎಲ್ಲ ಒಂದೇ ಸಲ, ರೊಕ್ಕ ಕೈಯಲ್ಲಿ. ನಲವತ್ತು ಮೊಳೆ ತುಂಬಿದರೆ ಜೋಳ, ತೊಗರಿ, ಕಟ್ಟಿಗೆ ಮೂರೂ ಒಂದೇ ದಿನ ಒಳಗೆ ಬೀಳುತ್ತಿದ್ದವು. ಆಮೇಲೆ ಪೇಟೆಯ ದರ ಮುಗಿಲಿಗೇರಲಿ, ಜೈತೂನಬಿಗೆ ಸಂಬಂಧವಿಲ್ಲ.

ಮೊದಲ ವರ್ಷ, ೧೯೮೬ರಲ್ಲಿ, ರಜಾಕ ತನ್ನ ಅಂಗಡಿಯ ಸಾವಕಾರರ ಕಡೆಯಿಂದ ಪಗಾರದ ಮೇಲೆ ಮುಂಗಡ ತಂದು ಮೊಳೆ ಹಿಡಿದ. ಎರಡನೆಯ ವರ್ಷ ಅವನ ವಿದ್ಯೆ ಜಾಗೃತವಾಯಿತು. ದೀಪಾವಳಿಯ ಮರುವಾರ ಚಹಾದ ಅಂಗಡಿಯ ಕಟ್ಟೆಯ ಮೇಲೆ ಕೂತು, ಮೆಣಸಿನಕಾಯಿ ಹರಾಜಿನ ಟೆಂಡರ್ ಚೀಟಿಯ ಹಿಂಬದಿಗೆ ಲೆಕ್ಕ ಹಾಕಿದ. ನಾಲ್ಕು ತಿಂಗಳಿಗೆ ಇನ್ನೂರಾ ನಲವತ್ತು ಊಟ. ಪ್ರತಿ ಶನಿವಾರ ರಾತ್ರಿ ಮತ್ತು ರವಿವಾರ ಹಾವೇರಿಯ ಮನೆಯ ಊಟ. ವಾರಕ್ಕೆ ಟೆಂಡರಿನ ಎರಡು ದಿನ ಮಧ್ಯಾಹ್ನ ಸಾವಕಾರರ ಖರ್ಚಿನ ಉಪ್ಪಿಟ್ಟು. ಒಟ್ಟು ಎಂಬತ್ತೈದು ಊಟ ಮುಳುಗಡೆ. ಉಳಿದ ನೂರಾ ಐವತ್ತೈದು ಊಟಕ್ಕೆ ಮೂರು ರೂಪಾಯಿಯಂತೆ ಕೊಟ್ಟರೂ ನಾನೂರಾ ಅರವತ್ತೈದು. ಅಂದರೆ ಮೊಳೆ ಹಿಡಿಯದಿದ್ದರೆ ಮೂವತ್ತೈದು ರೂಪಾಯಿ ಉಳಿತಾಯ. ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಅದರಲ್ಲಿ ಎಂಟಾಣೆ ಅಲ್ಲೇ ಇನ್ನೊಂದು ಚಹಾಕ್ಕೆ ಖರ್ಚು ಮಾಡಿದ.

"ಏನ್ ಬರ್ಯಾಕತ್ತೀ, ಹದಿನೆಂಟ್ ರೂಪಾಯಿ?" ಮೌಲಾಸಾಬ ಬಂದು ಪಕ್ಕಕ್ಕೆ ಕೂತ. ಇಪ್ಪತ್ತೈದು ಹಮಾಲರ ಗ್ಯಾಂಗಿಗೆ ಅವನೇ ಮುಂದಾಳು. ಸಾವಕಾರರು ಸುಗ್ಗಿಗೆ ಕೊಟ್ಟ ಮುಂಗಡ ಅವನ ನಡುವಿನ ಚೀಲದಲ್ಲಿತ್ತು.

"ಮೊಳಿ ಹಿಡಿಯೋದು ಲುಕ್ಸಾನು, ಕಾಕಾ. ಹಿಸಾಬ ಮಾಡೇನಿ."

"ಖರೇ?"

"ಕಾಗದದ ಮ್ಯಾಲ ಐತಿ ನೋಡ್ರಿ. ಬರಲಾರದ ಊಟದ ರೊಕ್ಕ ಎಲ್ಲಿ ಹೋಗತೈತಿ? ಜೈತೂನ ಖಾಲಾನ ಗಂಟಿಗೆ."

ಮೌಲಾಸಾಬನಿಗೆ ಕಾಗದ ಓದಲು ಬಾರದು. ಆದರೆ ಬಿ.ಕಾಂ. ಓದಿದವನ ಕಾಗದ ಎಂಬುದು ಗೊತ್ತಿತ್ತು. ಅದನ್ನು ಇಸಿದುಕೊಂಡು ಹೋಗಿ ಗ್ಯಾಂಗಿಗೆ ತೋರಿಸಿದ. ಸಂಜೆ ಹೊತ್ತಿಗೆ ರಜಾಕ ಹಾದು ಹೋಗುವಾಗ ಹಮಾಲರು "ಬರ್ರಿ ಸಾಹೇಬ್ರ, ಕುಂದ್ರಿ" ಎನ್ನತೊಡಗಿದರು. ಹದಿನೆಂಟು ರೂಪಾಯಿ ಒಂದೇ ದಿನದಲ್ಲಿ ಸಾಹೇಬನಾಗಿದ್ದ. ಆ ಮಾತು ಕಿವಿಗೆ ಬಿದ್ದ ಮೇಲೆ ಅವನ ನಡಿಗೆಯೇ ಬದಲಾಯಿತು ಎಂದು ಚಹಾದವನೂ ಗಮನಿಸಿದ.

ಖೋಲಿಗೆ ಹೋಗಿ ಮಲಗುವಾಗ ಅವನಿಗೆ ಹೊಳೆಯಿತು: ಆ ಲೆಕ್ಕ ತನ್ನದು. ಹಮಾಲರಿಗೆ ರವಿವಾರದ ಹಾವೇರಿ ಇಲ್ಲ, ಸಾವಕಾರರ ಉಪ್ಪಿಟ್ಟು ಇಲ್ಲ. ಅಮಾಸೆಗೊಮ್ಮೆ ಊರಿಗೆ ಹೋಗಿ ಬಂದರೆ ಹೆಚ್ಚು. ಹೆಚ್ಚೆಂದರೆ ಇಪ್ಪತ್ತು ಊಟ ತಪ್ಪೀತು. ಅವರು ಮೂರು ರೂಪಾಯಿಯಂತೆ ಉಂಡರೆ ತಲೆಗೆ ನೂರಾ ಅರವತ್ತು ನಷ್ಟ. ಎದ್ದು ಕೂತ. ಮತ್ತೆ ಮಲಗಿದ. ನಾಳೆ ಹೇಳಿದರಾಯಿತು ಅಂದುಕೊಂಡ. ಆದರೆ ಮರುದಿನ ಬೆಳಿಗ್ಗೆ ಎದುರಿಗೆ ಬಂದ ಮೊದಲ ಹಮಾಲನೇ "ಸಲಾಂ ಸಾಹೇಬ್ರ" ಎಂದ. ಹೇಳುವುದು ಹೇಗೆ? ಸಾಹೇಬರಿಗೆ ಲೆಕ್ಕ ತಪ್ಪುವುದುಂಟೆ?

ಐದನೆಯ ದಿನ ಜೈತೂನಬಿಯೇ ದಲಾಲಿ ಅಂಗಡಿಗೆ ಬಂದಳು. ಹಿಟ್ಟಿನ ಕೈ ಹಾಗೇ ಇತ್ತು, ತೊಳೆಯಲು ಪುರಸತ್ತು ಇರಲಿಲ್ಲವೇನೋ.

"ರಜಾಕ, ಮೌಲಾನ ಗ್ಯಾಂಗಿನ್ಯಾವರು ಒಬ್ಬರೂ ಮೊಳಿ ಹಿಡದಿಲ್ಲ. ಹದಿನಾಕು ಮೊಳಿ ಮ್ಯಾಲ ಅಷ್ಟ ತಾಟ ಬಿದ್ದಾವ. ಬೇಸ್ತವಾರ ಪ್ರಭುಲಿಂಗಪ್ಪ ಜ್ವಾಳಾ ತರಾಕತ್ತಾನ. ನೀ ಏನೋ ಕಾಗದ ಬರದೀ ಅಂತಲಾ?"

"ಅದು ನಂದು ಹಿಸಾಬ್ರಿ ಖಾಲಾ..."

"ನಿಂದು ನಿನಗ ಬರೊಬ್ಬರಿ. ನೀ ಮೊಳಿ ಹಿಡಿಬ್ಯಾಡ, ನಾ ಬೈಯೂದಿಲ್ಲ. ಅವರದು ಅವರಿಗೆ ಬರದ ಕೊಡು. ನಾ ಹೇಳಿದ್ರ ಮಾರಾಕ ಹೇಳತಾಳ ಅಂತಾರ. ನೀ ಹೇಳಿದ್ರ ಕೇಳತಾರ. ಜ್ವಾಳಾ ಇಳೀಲಿಲ್ಲಂದ್ರ ನನ್ನ ಒಲಿ ಶಿವರಾತ್ರಿ ಕಾಣೂದಿಲ್ಲ."

"ಹೇಳ್ತೀನಿ ಖಾಲಾ. ನಾಳಿಗೆ ಹೇಳ್ತೀನಿ."

"ನಾಳಿಗೆ ಬುಧವಾರ" ಎಂದು ಅವಳು ನೆನಪು ಮಾಡಿಕೊಟ್ಟು ಹೋದಳು.

ಬುಧವಾರ ರಜಾಕ ಮೌಲಾಸಾಬನ ಹತ್ತಿರ ಹೋದದ್ದು ನಿಜ. ಅಲ್ಲಿ ಏಳೆಂಟು ಜನ ಕೂತಿದ್ದರು. ಗಂಟಲು ಸರಿಮಾಡಿಕೊಂಡು, "ಕಾಕಾ, ಆ ಹಿಸಾಬ..." ಎಂದ.

"ಭಾಳ ಚಲೋ ಹಿಸಾಬ್ರಿ ಸಾಹೇಬ್ರ!" ಮೌಲಾಸಾಬ ನಡುವಿನ ಚೀಲ ತಟ್ಟಿ ತೋರಿಸಿದ. "ರೊಕ್ಕ ಕೈಯಾಗ ಇದ್ರ ಹಮಾಲನೂ ಹುಲಿ. ಇಷ್ಟು ವರ್ಷ ದೀಪಾವಳಿ ಮರುದಿನಾನ ಆಕಿ ಕೈಯಾಗ ಸುರದು ಖಾಲಿ ಕೈಲೆ ಕುಂದರತಿದ್ವಿ. ಏ, ಸಾಹೇಬ್ರಿಗೆ ಚಹಾ ಹೇಳ್ರಲೇ!"

ರಜಾಕ ಚಹಾ ಕುಡಿದ. ಬಿಸಿಯಾಗಿತ್ತು, ಸಕ್ಕರೆಯೂ ಸರಿಯಾಗಿತ್ತು. ಖಾಲಿ ಲೋಟ ಕೆಳಗಿಟ್ಟು ಅಂಗಡಿಗೆ ಹೋದ.

ಬೇಸ್ತವಾರ ಪ್ರಭುಲಿಂಗಪ್ಪನ ಟ್ರ್ಯಾಕ್ಟರು ಓಣಿಯಲ್ಲಿ ಎರಡು ತಾಸು ನಿಂತಿತು. "ಅರ್ಧಾ ಇಳಿಸ್ತೀನಿ, ಪ್ಯಾಟಿ ರೇಟ್ ಹಾಕ್ತೀನಿ. ಇಲ್ಲಂದ್ರ ಎಲ್ಲಾ ತುಗೊ, ಹ್ವಾದ ವರ್ಷದ ರೇಟಿಗೇ ಕೊಡ್ತೀನಿ. ನಂದೂ ಬ್ಯಾಂಕಿನ್ಯಾವ ಬಾಗಲದಾಗ ನಿಂತಾನ, ಬೀಬಿ" ಎಂದ. ಕೆಟ್ಟವನಲ್ಲ, ಅವನಿಗೂ ಅವನ ಲೆಕ್ಕವಿತ್ತು. ತೊಗರಿಗೂ ಕಟ್ಟಿಗೆಗೂ ತೆಗೆದಿಟ್ಟು ಉಳಿದ ರೊಕ್ಕಕ್ಕೆ ಜೈತೂನಬಿ ಎರಡು ಚೀಲ ಇಳಿಸಿಕೊಂಡಳು. ಉಳಿದದ್ದು ರಾಣೆಬೆನ್ನೂರಿನ ವ್ಯಾಪಾರಿಯ ಪಾಲಾಯಿತು. ರಜಾಕ ಆ ಹೊತ್ತಿನಲ್ಲಿ ಅಂಗಡಿಯ ಒಳಗೆ ಕೂತು, ಬರೆದು ಮುಗಿಸಿದ ಪುಟವೊಂದನ್ನು ಬಹಳ ಶ್ರದ್ಧೆಯಿಂದ ಮತ್ತೊಮ್ಮೆ ಬರೆಯುತ್ತಿದ್ದ.

ಸುಗ್ಗಿ ಹತ್ತಿತು. ಡಿಸೆಂಬರಿನಲ್ಲಿ ಗ್ಯಾಂಗು ಮೂರು ರೂಪಾಯಿ ಎಸೆದು, ಪತ್ರಾವಳಿ ಹಾಸಿ, ಹುಲಿಗಳ ಹಾಗೆ ಉಂಡಿತು. ಸಂಕ್ರಾಂತಿಯ ಹೊತ್ತಿಗೆ ಹುಲಿಗಳ ರೊಕ್ಕ ಮಟಕಾದ ಚೀಟಿಯಲ್ಲಿ, ಸಾರಾಯಿ ಅಂಗಡಿಯಲ್ಲಿ, ಒಬ್ಬನದು ತಂಗಿಯ ನಿಕಾಹದಲ್ಲಿ ಕರಗಿತು. ಅಷ್ಟರಲ್ಲಿ ಜೈತೂನಬಿ ಜೋಳವನ್ನು ಕಿರಾಣಿ ಅಂಗಡಿಯಿಂದ ಕೇಜಿಗಟ್ಟಲೆ ತರುತ್ತಿದ್ದಳು. ಫೆಬ್ರವರಿಗೆ ಊಟ ನಾಲ್ಕು ರೂಪಾಯಿಯಾಯಿತು. ಮೂವತ್ತೈದು ಉಳಿಸಲು ಹೊರಟಿದ್ದ ರಜಾಕನೂ ಸುಗ್ಗಿಯ ಕೊನೆಗೆ ಮೊಳೆಯ ಬೆಲೆಗಿಂತ ನಲವತ್ತು ಹೆಚ್ಚಿಗೆ ಕೈಯಿಂದ ಹಾಕಿದ್ದ. ಈ ಲೆಕ್ಕವನ್ನು ಅವನು ಯಾವ ಚೀಟಿಯ ಹಿಂದೆಯೂ ಬರೆಯಲಿಲ್ಲ.

"ಖಾಲಾ, ಒಂದ್ ವಾರ ಉದ್ರಿ ಬಿಡ್ರಿ" ಎಂದು ಮೌಲಾಸಾಬ ಬಾಗಿಲಲ್ಲಿ ನಿಂತ ದಿನ ರಜಾಕ ಒಳಗೆ ಉಣ್ಣುತ್ತಿದ್ದ.

"ಮೊಳಿ ಹಿಡದವರಿಗೆ ಮಾತ ಕೊಟ್ಟೇನಿ. ಹದಿನಾಕು ಮಂದಿ. ಅವರದು ಅವರಿಗೆ ಸಾಲಂಗಿಲ್ಲ."

"ಇಪ್ಪತ್ತು ಕ್ವಿಂಟಲ್ ಹೊತ್ತು ಬಂದೇನಿ ಮುಂಜಾನಿಂದ, ಭಾಭಿ."

ಹಳೆಯ ಸಲಿಗೆಯ ಆ ಮಾತಿಗೆ ಅವಳ ಕೈ ಒಂದು ಗಳಿಗೆ ನಿಂತಿತು. ನಾಲ್ಕು ರೊಟ್ಟಿ ಕಾಗದದಲ್ಲಿ ಸುತ್ತಿ ಕೊಟ್ಟು, "ಇವತ್ತಿಂದು ಅಷ್ಟ. ನಾಳಿಗೆ ಬಂದ್ರ ಬಾಗಲಾ ಹಾಕ್ತೀನಿ" ಎಂದಳು. ಮೌಲಾಸಾಬ ರಜಾಕನ ಕಡೆ ನೋಡಿದ. ಬೈಯಲಿಲ್ಲ. ಸಾಹೇಬ ಎಂದೂ ಅನ್ನಲಿಲ್ಲ.

ಹದಿನಾಲ್ಕು ಜನಕ್ಕೆ ಅವಳು ಕೊನೆಯ ದಿನದವರೆಗೆ ಉಣ್ಣಿಸಿದಳು. ಅದಕ್ಕಾಗಿ ಮೊದಲು ತಾಮ್ರದ ಹಂಡೆ ಮಾರಿಹೋಯಿತು, ಆಮೇಲೆ ದೊಡ್ಡ ಪಾತೇಲಿ. ಮಾರ್ಚಿಯ ಮೂವತ್ತೊಂದನೆಯ ತಾರೀಖು ರಾತ್ರಿಯ ಊಟವಾದ ಮೇಲೆ ಒಬ್ಬೊಬ್ಬರ ತಾಟನ್ನೂ ಅವರವರ ಕೈಗೆ ಕೊಟ್ಟು, "ಮುಂದಿನ ವರ್ಷ ಬ್ಯಾರೆ ಕಡೆ ನೋಡ್ಕೋರಿ" ಎಂದಳು. ಏಪ್ರಿಲಿನಲ್ಲಿ ಆ ಮನೆಗೆ ಬೀಡಿ ಅಂಗಡಿಯವನೊಬ್ಬ ಬಾಡಿಗೆಗೆ ಬಂದ.

ಮುಂದಿನ ಸುಗ್ಗಿಗೆ ಜೈತೂನಬಿ ರಜಾಕನ ಸಾವಕಾರರ ಗೋದಾಮಿನಲ್ಲೇ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಸೇರಿದಳು. ಮೂವತ್ತು ಹೆಂಗಸರು ಬಾಯಿಗೆ ಸೆರಗು ಕಟ್ಟಿಕೊಂಡು ಕೂರುತ್ತಿದ್ದರು, ಕೇಜಿಗೆ ಇಷ್ಟು ಪೈಸೆ ಎಂದು. ಸಂಜೆ ಒಬ್ಬೊಬ್ಬರ ರಾಶಿ ತೂಗಿ ಬರೆದುಕೊಳ್ಳುವ ಕೆಲಸ ರಜಾಕನದು. ಮೊದಲ ವಾರ ಅವನು ಅವಳ ಮುಖ ನೋಡದೆ ಬರೆದ. ಎರಡನೆಯ ವಾರ ತಕ್ಕಡಿಯನ್ನು ಒಂದಿಷ್ಟು ಅವಳ ಕಡೆಗೆ ವಾಲಿಸಿದ. ಅವಳು ಬೊಗಸೆ ಕಾಯಿ ತೆಗೆದು ಕೆಳಗೆ ಹಾಕಿ, "ಸರಿ ಹಿಡಿ" ಎಂದಳು.

ಅವನನ್ನು ಒಂದು ಪ್ರಶ್ನೆ ಕೊರೆಯುತ್ತಿತ್ತು. ಮೊಳೆ ಹಿಡಿದೂ ಬಾರದವರ ಊಟವನ್ನು ಅವಳು ಪತ್ರಾವಳಿಯವರಿಗೆ ಮತ್ತೊಮ್ಮೆ ಮಾರುತ್ತಿದ್ದಳೆಂದಾದರೆ, ಚಹಾದ ಕಟ್ಟೆಯ ಮೇಲೆ ತಾನು ಆಡಿದ ಮಾತು ಪೂರ್ತಿ ತಪ್ಪಾಗಲಿಲ್ಲ. ಅಷ್ಟು ಸಿಕ್ಕರೂ ಅವನಿಗೆ ಸಾಕಾಗಿತ್ತು. ಒಂದು ಸಂಜೆ ಉಳಿದ ಹೆಂಗಸರು ಎದ್ದು ಹೋದ ಮೇಲೆ, ಪೆನ್ನನ್ನು ತಿರುಗಿಸುತ್ತ ಕೇಳಿಯೇಬಿಟ್ಟ.

"ಖಾಲಾ, ಒಂದ್ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಬರಲಾರದವರ ಊಟ ಉಳೀತಿತ್ತಲ್ಲ, ಅದನ್ನ ಏನ್ ಮಾಡ್ತಿದ್ರಿ? ಮಾರ್ತಿದ್ರೇನು?"

ಜೈತೂನಬಿ ಬಾಯಿಗೆ ಕಟ್ಟಿದ ಸೆರಗು ಬಿಚ್ಚಿದಳು.

"ನಾ ಉಣ್ತಿದ್ನಿ. ಎಲ್ಲಾರೂ ಬಂದ ದಿವಸ ನೀರ ಕುಡದ ಮಕ್ಕೋತಿದ್ನಿ. ಆತಿಲ್ಲೋ? ಈಗ ತೂಕ ಬರಕೋ."