ಎರಡು ಪುಟದ ಮಾತು

ಹನ್ನೊಂದು ವರ್ಷ ನಾನು ಸೀರಿಯಲ್‌ಗಳಲ್ಲಿ ಅಣ್ಣನಾಗಿದ್ದೆ. ಮನೆ ಬದಲಾಗುತ್ತಿತ್ತು, ತಂಗಿ ಬದಲಾಗುತ್ತಿದ್ದಳು, ನಾನು ಮಾತ್ರ ಅದೇ ಅಣ್ಣ. ತಂಗಿಯ ಗಂಡನ ಮೇಲೆ ಹಲ್ಲು ಕಡಿಯುವುದು, ತಾಯಿಯ ಫೋಟೊದ ಮುಂದೆ ಕಣ್ಣೀರು ಹಾಕುವುದು, ಇಷ್ಟೇ ಕೆಲಸ. ಎಡಗಣ್ಣಿನಲ್ಲಿ ಮೊದಲು ನೀರು ಬರಿಸುವ ವಿದ್ಯೆ ನನಗೆ ಸಿದ್ಧಿಸಿತ್ತು, ಕ್ಯಾಮೆರಾ ಹೆಚ್ಚಾಗಿ ಆ ಕಡೆಗೇ ಇರುತ್ತಿತ್ತು. ಶಿವಮೊಗ್ಗದಲ್ಲಿ ಅಮ್ಮ ಒಂದು ಕಂತನ್ನೂ ಬಿಡದೆ ನೋಡಿ, ಮುಗಿದ ಕೂಡಲೇ ಬೆಂಗಳೂರಿಗೆ ಫೋನ್ ಮಾಡುತ್ತಿದ್ದಳು.

"ಇವತ್ತು ಹಾಕ್ಕೊಂಡಿದ್ದ ಶರ್ಟ್ ಚೆನ್ನಾಗಿತ್ತು ಕಣೋ."

ನನ್ನ ನಟನೆಯ ಬಗ್ಗೆ ಅಷ್ಟು ವರ್ಷದಲ್ಲಿ ಆಕೆ ಆಡಿದ್ದು ಇದೊಂದೇ ಮಾತು. ಆ ಶರ್ಟೂ ನನ್ನದಲ್ಲ, ಕಾಸ್ಟ್ಯೂಮ್‌ನವರದು.

ಕೊನೆಗೆ ನಾನೇ ಒಂದು ಸಿನಿಮಾ ನಿರ್ದೇಶಿಸಿ, ನಾನೇ ನಿರ್ಮಿಸುತ್ತೇನೆಂದು ಹೊರಟೆ. ಪತ್ರಿಕೆಯವರು ಕೇಳಿದಾಗ ಒಳಗಿನ ತುಡಿತ, ಹೊಸ ಅಲೆ ಎಂದೆಲ್ಲ ಹೇಳಿದೆ. ನಿಜ ಹೇಳಬೇಕೆಂದರೆ, ಅಮ್ಮನ ಬಾಯಿಂದ "ಚೆನ್ನಾಗಿ ಮಾಡಿದ್ದೀಯ" ಅನ್ನಿಸಿಕೊಳ್ಳಬೇಕಿತ್ತು. ಅದಕ್ಕೆಂದೇ ಹತ್ತು ವರ್ಷದ ಮೇಲೆ ಮನೆಗೆ ಮರಳಿ ತಾಯಿಯ ಕ್ಷಮೆ ಕೇಳುವ ಮಗನ ಕಥೆ ಬರೆದೆ. ಮಗ ನಾನೇ. ಬಾಗಿಲಲ್ಲಿ ನಿಂತು ಅವನು ಆಡುವ ಮಾತು ಎರಡು ಪುಟ. ಉಳಿದ ಸಿನಿಮಾ ಇದ್ದದ್ದೇ ಆ ಎರಡು ಪುಟಕ್ಕಾಗಿ.

ಶೂಟಿಂಗ್‌ಗೆ ಭದ್ರಾವತಿಯಲ್ಲಿ ಕಾರ್ಖಾನೆಯ ಹತ್ತಿರ ಒಂದು ಹಳೆಯ ಮನೆ ಹಿಡಿದೆವು. ತಾಯಿಯ ಪಾತ್ರದವರು ಹಿಂದಿನ ದಿನ ಫೋನ್ ಮಾಡಿ, ಬೇರೆ ಸೀರಿಯಲ್‌ಗೆ ಡೇಟ್ಸ್ ಕೊಟ್ಟುಬಿಟ್ಟೆ ಎಂದರು. ಸೀರಿಯಲ್ ಬಿಟ್ಟು ಬಂದವನಿಗೆ ಸೀರಿಯಲ್ಲೇ ಕೈ ಕೊಟ್ಟಿತು. ಬೇರೆ ದಾರಿ ಕಾಣದೆ ಮನೆಯ ಒಡತಿಯನ್ನೇ ತಾಯಿಯ ಪಾತ್ರಕ್ಕೆ ಒಪ್ಪಿಸಿದೆ. ಕಾರ್ಖಾನೆಯ ಕೆಲಸಗಾರರಿಗಾಗಿ ಇಪ್ಪತ್ತು ವರ್ಷ ಮೆಸ್ ನಡೆಸಿದ ಹೆಂಗಸು. ಮನೆಯೊಳಗೆ ತಮಿಳು, ಬೀದಿಯಲ್ಲಿ ಕನ್ನಡ. ಕ್ಯಾಮೆರಾ ಎಂದರೆ ಅವರಿಗೆ ಭಯವೂ ಇಲ್ಲ, ಭಕ್ತಿಯೂ ಇಲ್ಲ.

ಇಲ್ಲಿ ನನ್ನದೊಂದು ಗುಟ್ಟು ಹೇಳಬೇಕು. ಸೀರಿಯಲ್‌ನಲ್ಲಿ ನಾವು ಮಾತು ಬಾಯಿಪಾಠ ಮಾಡುವುದಿಲ್ಲ. ಕ್ಯಾಮೆರಾದ ಪಕ್ಕ ಒಬ್ಬರು ನಿಂತು ಒಂದೊಂದೇ ಸಾಲು ಗಟ್ಟಿಯಾಗಿ ಓದುತ್ತಾರೆ, ನಾವು ಅದಕ್ಕೆ ಮುಖ ಸೇರಿಸಿ ಒಪ್ಪಿಸುತ್ತೇವೆ. ಇದೇ ಪ್ರಾಂಪ್ಟಿಂಗ್. ಓದಿದವರ ದನಿಯನ್ನು ಆಮೇಲೆ ಅಳಿಸಿಬಿಡುತ್ತಾರೆ. ಎರಡು ಪುಟ ಬರೆದವನು ನಾನೇ ಆದರೂ ನನಗದು ಬರುತ್ತಿರಲಿಲ್ಲ. ಓದಲು ನನ್ನ ಸಹನಿರ್ದೇಶಕರು ನಿಂತರು.

ಮೊದಲು ನನ್ನ ಬೆನ್ನ ಹಿಂದಿನಿಂದ ಮನೆಯೊಡತಿಯ ಮುಖ ತೆಗೆಯುವ ಶಾಟ್. "ಅಮ್ಮಾ, ನಾನು ತಪ್ಪು ಮಾಡಿದೆ" ಎಂದು ಸಹನಿರ್ದೇಶಕರು ಓದಿದರು. ಗದ್ಗದವಾಗಿ ನಾನೂ ಅದನ್ನೇ ಹೇಳಿದೆ. ಆಕೆ ಕ್ಯಾಮೆರಾದ ಪಕ್ಕಕ್ಕೆ ತಿರುಗಿ, "ಇರ್ಲಿ ಬಿಡಪ್ಪ" ಎಂದು ಸಹನಿರ್ದೇಶಕರನ್ನು ಸಮಾಧಾನ ಮಾಡಿದರು.

ಮೂರು ಟೇಕ್ ಹೀಗೇ ಆಯಿತು.

"ಅಮ್ಮಾ, ಉತ್ತರ ನನಗೆ ಕೊಡ್ಬೇಕು," ಎಂದೆ.

"ನಿಮಗ್ಯಾಕೆ? ತಪ್ಪು ಮಾಡ್ದೆ ಅಂತ ಮೊದ್ಲು ಹೇಳಿದ್ದು ಅವ್ರು. ನೀವು ಅವ್ರು ಹೇಳಿದ್ದನ್ನೇ ಹೇಳ್ತಿದ್ದೀರ."

ಯೂನಿಟ್ಟಿನವರೆಲ್ಲ ಸೂರು ನೋಡತೊಡಗಿದರು. ನನಗೆ ಸಿಟ್ಟು ನೆತ್ತಿಗೇರಿತು. ಸಹನಿರ್ದೇಶಕರನ್ನು ಚಹಾ ಕುಡಿಯಲು ಕಳಿಸಿ, ನಾನೇ "ಆ್ಯಕ್ಷನ್" ಎಂದು ಕೂಗಿ ಬಾಗಿಲಲ್ಲಿ ನಿಂತೆ. ಒಂದಕ್ಷರವೂ ನೆನಪಿಗೆ ಬರಲಿಲ್ಲ. ಆಕೆ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡುತ್ತ ಕಾದರು. ಕಾದು ಕಾದು ಕೊನೆಗೆ, "ಊಟ ಮಾಡಿಲ್ಲ ಅಲ್ವಾ? ಬಾ ಒಳಗೆ" ಎಂದು ಅಡುಗೆಮನೆಗೆ ಹೋದರು. ನಾನು ಕಟ್ ಹೇಳುವಷ್ಟರಲ್ಲಿ ತಟ್ಟೆಗೆ ನಿಜವಾಗಿಯೂ ಅನ್ನ ಬಿದ್ದಿತ್ತು.

ಇದು ಲೆಕ್ಕಕ್ಕಿಲ್ಲ ಎಂದುಕೊಂಡೆ. ಸಹನಿರ್ದೇಶಕರನ್ನು ವಾಪಸ್ ಕರೆಸಿ, ನನ್ನ ಕ್ಲೋಸಪ್ ಇಟ್ಟು, ಎರಡು ಪುಟವನ್ನೂ ಒಂದೇ ಟೇಕ್‌ನಲ್ಲಿ ಒಪ್ಪಿಸಿದೆ. ಎಡಗಣ್ಣು ಸಮಯಕ್ಕೆ ಸರಿಯಾಗಿ ತುಂಬಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರಿಗೆ ಸಂಬಳ ಕೊಡುವವನೂ ನಾನೇ ಎಂಬುದು ಆಗ ಹೊಳೆಯಲಿಲ್ಲ.

ಎಡಿಟಿಂಗ್ ಶಿವಮೊಗ್ಗದಲ್ಲೇ, ಮದುವೆ ವಿಡಿಯೊ ಎಡಿಟ್ ಮಾಡುವ ಒಬ್ಬ ಹೆಣ್ಣುಮಗಳ ಹತ್ತಿರ. ಆಕೆ ನಾನು ಮಾತು ಮರೆತು ನಿಂತದ್ದು, ನನ್ನ ಕ್ಲೋಸಪ್ಪು, ಎರಡೂ ಶಾಟ್ ಪಕ್ಕಪಕ್ಕ ಇಟ್ಟು ತೋರಿಸಿದಳು.

"ಬೇಜಾರು ಮಾಡ್ಕೋಬೇಡಿ ಸರ್. ಮದುವೇಲಿ ಹುಡುಗಿ ಕಳ್ಸೋವಾಗ, ಕ್ಯಾಮೆರಾ ಬಂತು ಅಂತ ಅಳೋರು ನಮಗೆ ಗೊತ್ತಾಗಿಬಿಡ್ತಾರೆ. ನಿಮ್ಮ ಕ್ಲೋಸಪ್ಪೂ ಹಾಗೇ ಇದೆ."

ಎದ್ದು ಹೊರಗೆ ಹೋಗಿ ಒಂದು ಚಹಾ ಕುಡಿದೆ. ಸಿಟ್ಟು ಇಳಿಯದೆ ಇನ್ನೊಂದು ಕುಡಿದೆ. ಮರಳಿ ಬಂದು ಮತ್ತೆ ನೋಡಿದೆ. ಒಂದರಲ್ಲಿ ಹನ್ನೊಂದು ವರ್ಷದ ಅಣ್ಣ ಅಳುತ್ತಿದ್ದ. ಇನ್ನೊಂದರಲ್ಲಿ ಯಾರೋ ಒಬ್ಬ ಮಾತು ಹೊರಡದೆ ನಿಂತಿದ್ದ, ಬರೀ ಬೆನ್ನು. ನನ್ನೊಳಗಿನ ನಟ ಕೈಕಾಲು ಹಿಡಿದು ಬೇಡಿಕೊಂಡ. ಎರಡು ಪುಟ ಹೋದರೆ ಅಮ್ಮನಿಗೆ ತೋರಿಸಲು ಏನು ಉಳಿಯುತ್ತದೆ ಎಂದು ನಿಜಕ್ಕೂ ದಿಗಿಲಾಯಿತು. ಆದರೂ "ಕ್ಲೋಸಪ್ ತೆಗೆದುಹಾಕಿಬಿಡಿ" ಎಂದೆ. ನಿರ್ದೇಶಕನಾಗಿ ನಾನು ಮಾಡಿದ ಮೊದಲ ಕೆಲಸ ಅದೇ ಇರಬೇಕು.

ಸಿನಿಮಾವನ್ನು ಮನೆಯ ಟೀವಿಯಲ್ಲೇ ಅಮ್ಮನಿಗೆ ಹಾಕಿ ತೋರಿಸಿದೆ. ಬಾಗಿಲ ದೃಶ್ಯ ಬಂದಾಗ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಮುಜುಗರದಿಂದ, "ಇಲ್ಲಿ ನನ್ನ ಮುಖ ಕಾಣಲ್ಲಮ್ಮ" ಎಂದೆ.

"ಮುಖ ಯಾಕೋ ಮಾರಾಯ? ಸಣ್ಣವನಿದ್ದಾಗ ತಪ್ಪು ಮಾಡಿ ಬಂದ್ರೆ ಬಾಗಿಲಲ್ಲಿ ಹಿಂಗೇ ನಿಲ್ತಿದ್ದೆ, ಬಾಯೇ ಬಿಡ್ತಿರ್ಲಿಲ್ಲ. ಇಷ್ಟು ವರ್ಷ ಟೀವೀಲಿ ಬರ್ತಿದ್ನಲ್ಲ, ಅವನು ನನಗೆ ನೀನು ಅಂತ ಅನ್ನಿಸ್ತಾನೇ ಇರ್ಲಿಲ್ಲ. ಏನು ಹೇಳೋದು ಅಂತ ಶರ್ಟ್ ವಿಷಯ ಹೇಳ್ತಿದ್ದೆ."

ನಾನು ಏನಾದರೂ ಹೇಳಬೇಕಿತ್ತು, ಪಕ್ಕದಲ್ಲಿ ಓದಿಹೇಳುವವರು ಯಾರೂ ಇರಲಿಲ್ಲ.