ಅವ್ವ ಪಂಕ್ತಿ ಬಿಟ್ಟು ಎದ್ದ ದಿನ

ಬನಹಟ್ಟಿಯ ನಮ್ಮ ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿಯೇ ಮಾತಾಡುತ್ತೇವೆ. ಪಡಸಾಲೆಯಲ್ಲಿ ಪವರ್‌ಲೂಮ್ ಮಗ್ಗಗಳು ಬಡಿಯುತ್ತಿದ್ದರೆ ಮೆಲ್ಲಗೆ ಆಡಿದ ಮಾತು ಆಡಿದವರಿಗೇ ಕೇಳಿಸುವುದಿಲ್ಲ. ಅಪ್ಪ ತೀರಿಕೊಂಡ ಮೇಲೆ ಆ ಮಗ್ಗಗಳನ್ನು ನಡೆಸಿ, ಅಣ್ಣನನ್ನೂ ನನ್ನನ್ನೂ ಓದಿಸಿದವಳು ಅವ್ವ.

ಅಣ್ಣನಿಗೆ ಜಮಖಂಡಿಯಲ್ಲಿ ಕೆಲಸ. ಅಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವರನ್ನು ಮೆಚ್ಚಿ ರಿಜಿಸ್ಟರ್ ಮದುವೆ ಮಾಡಿಕೊಂಡ. ನಮ್ಮ ಕಡೆ ಅತ್ತಿಗೆಗೆ ವೈನಿ ಅನ್ನುತ್ತೇವೆ. ವೈನಿ ಹಳಿಯಾಳದ ಕಡೆಯ ಸಿದ್ದಿ ಮನೆತನದವರು. ಅವರ ಹಿರಿಯರನ್ನು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದರಂತೆ. ಕಪ್ಪು ಮೈಬಣ್ಣ, ಬಿಗಿಯಾದ ಗುಂಗುರು ಕೂದಲು. ಪೇಟೆಯಲ್ಲಿ ಯಾರಾದರೂ "ಯಾವ ದೇಶದವ್ರರಿ?" ಎಂದು ಕೇಳಿದರೆ, "ಇದ ದೇಶದವ್ರರಿ, ಬಸ್ಸಿನ್ಯಾಗ ಬಂದೇನಿ" ಎಂದು ನಗುತ್ತಿದ್ದರು.

ಮದುವೆಯಾದ ವಾರವೇ ಅಣ್ಣ ಅವರನ್ನು ಮನೆಗೆ ಕರೆತಂದ. ಅವರು ಹೊರಗೆ ಚಪ್ಪಲಿ ಬಿಡುತ್ತಿದ್ದಾಗ ಒಳಗೆ ಅವ್ವ ಮಗ್ಗದ ಸದ್ದನ್ನೂ ಮೀರಿ ನನ್ನ ಮುಂದೆ ಚೀರುತ್ತಿದ್ದಳು. ಅಷ್ಟರಲ್ಲಿ ಕರೆಂಟು ಹೋಯಿತು. ಮಗ್ಗಗಳು ಒಮ್ಮೆಲೇ ನಿಂತವು. ಅವ್ವನ ಮಾತೊಂದೇ ಇಡೀ ಮನೆಯಲ್ಲಿ ಉಳಿಯಿತು.

"ಆ ಕಾಡಪ್ರಾಣಿಯಂಥಾಕಿ ನನ್ನ ಮನಿಯೊಳಗ ಕಾಲಿಡಬಾರದು!"

ವೈನಿ ಬಾಗಿಲಲ್ಲೇ ಇದ್ದರು. ಅಣ್ಣನ ಮುಖ ಕೆಂಪಾಯಿತು. ವೈನಿ ಅವನ ತೋಳು ಹಿಡಿದು ತಡೆದರು. "ಆತ್ರೀ ಅತ್ತಿ, ಹೊರಗ ಕುಂದರ್ತೇನಿ" ಎಂದು ಕಟ್ಟೆಯ ಮೇಲೆ ಕೂತರು.

ಆಮೇಲೆ ಅಣ್ಣ ಮನೆಯ ಕಡೆ ಬರುವುದನ್ನೇ ಬಿಟ್ಟ. ವೈನಿ ಬಿಡಲಿಲ್ಲ. ರಜೆ ಸಿಕ್ಕಾಗಲೆಲ್ಲ ಅವನನ್ನು ಎಳೆದುಕೊಂಡು ಬರುತ್ತಿದ್ದರು. ಅವನು ಒಳಗೆ ಅವ್ವನ ಹತ್ತಿರ, ಅವರು ಕಟ್ಟೆಯ ಮೇಲೆ ನನ್ನ ಜೊತೆ. ಓಣಿಯ ಹೆಂಗಸರು ನಿಂತು ನಿಂತು ನೋಡಿ ಹೋಗುತ್ತಿದ್ದರು. ಒಮ್ಮೆ ನಾನು ತಡೆಯಲಾರದೆ ಕೇಳಿದೆ, "ಇಷ್ಟೆಲ್ಲಾ ಅನ್ನಿಸ್ಕೊಂಡು ಯಾಕ ಬರ್ತೀರಿ ವೈನಿ?"

"ನಿಮ್ಮಣ್ಣಗ ಅವ್ವ ಬೇಕು. ನನ್ನ ಸಿಟ್ಟಿನ ಸಲುವಾಗಿ ಆಕಿನ್ನ ಕಳಕೊಳ್ಳೂದು ಬ್ಯಾಡ" ಎಂದರು. ತುಸು ಹೊತ್ತು ಒಳಗಿನ ಸದ್ದಿಗೆ ಕಿವಿಗೊಟ್ಟು, "ಅತ್ತಿ ಕೆಮ್ಮಾಕತ್ತಾರ ನೋಡು. ಮಗ್ಗದ ಮುಂದ ಕುಂದರುವಾಗ ಬಾಯಿಗೆ ಅರಿವಿ ಕಟ್ಟಕೊಳ್ಳಾಕ ಹೇಳು. ನಾ ಹೇಳೇನಂತ ಹೇಳಬ್ಯಾಡ" ಎಂದರು.

ಹೀಗೆ ಒಂದು ವರ್ಷದ ಮೇಲಾಯಿತು. ಮಹಾಲಿಂಗಪುರದಲ್ಲಿ ಅಪ್ಪನ ತಮ್ಮ, ನಮ್ಮ ಕಾಕಾನ ಮಗಳ ಮದುವೆ ಬಂತು. ಊಟದ ಪಂಕ್ತಿಯಲ್ಲಿ ವೈನಿ ನನ್ನ ಪಕ್ಕ ಕೂತಿದ್ದರು, ಅವ್ವ ನಮ್ಮಿಂದ ತುಸು ದೂರ. ಎಲೆಗೆ ಹೋಳಿಗೆ ಬಿದ್ದಿತ್ತಷ್ಟೆ. ಬಡಿಸುವವರ ಹಿಂದೆ ಬರುತ್ತಿದ್ದ ಕಾಕಾ ವೈನಿಯ ಮುಂದೆ ನಿಂತರು.

"ಬೀಗರು ನೋಡಾಕತ್ತಾರ. ಇಂಥಾ ಕಾಡಪ್ರಾಣಿನ್ನ ಪಂಕ್ತ್ಯಾಗ ಯಾರು ಕೂಡಿಸಿದ್ರು? ಎಬ್ಬಸ್ರಿ ಮೊದಲ."

ವೈನಿ ಎಲೆ ಬಿಟ್ಟು ಎದ್ದರು. ನಾನೂ ಎದ್ದೆ. ಆದರೆ ನನಗಿಂತ ಮೊದಲು ಅವ್ವ ಎದ್ದಿದ್ದಳು.

"ಆಕಿ ನನ್ನ ಸೊಸಿ. ಆಕಿ ಉಣ್ಣದ ಮನ್ಯಾಗ ನಾನೂ ಉಣ್ಣಂಗಿಲ್ಲ" ಎಂದಳು. ಮಗ್ಗದ ಮನೆಯ ದನಿ ಅದು. ಛತ್ರದಲ್ಲಿದ್ದವರಿಗೆಲ್ಲ ಕೇಳಿಸಿತು.

ಬೇರೆ ಸಾಲಿನಲ್ಲಿದ್ದ ಅಣ್ಣನನ್ನೂ ಕರೆದುಕೊಂಡು ನಾವು ನಾಲ್ವರೂ ಹಸಿದ ಹೊಟ್ಟೆಯಲ್ಲೇ ಬಸ್‌ಸ್ಟ್ಯಾಂಡಿಗೆ ಬಂದೆವು. ಅಣ್ಣ ಮಿರ್ಚಿ ಭಜಿ ತಂದ. ಅವ್ವ ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡು ವೈನಿಯ ಕಡೆ ತಿರುಗಿದಳು.

"ನಾನೂ ನಿನಗ ಅದ ಮಾತ ಅಂದಿದ್ದೆ. ಅವನ ಬಾಯಾಗ ಕೇಳಿದ ಮ್ಯಾಲೆ ಅದು ಎಂಥಾ ಮಾತಂತ ತಿಳೀತು" ಎಂದಳು.

"ಅಂದಿದ್ರಿ. ಭಾಳ ನೋವಾಗಿತ್ತರಿ" ಎಂದರು ವೈನಿ. ಏನಿಲ್ಲ ಬಿಡ್ರಿ ಎಂದು ತೇಲಿಸಿಬಿಡಲಿಲ್ಲ. "ಮರತಿಲ್ಲ ಅತ್ತಿ. ಆದ್ರ ಮನಸಿನ್ಯಾಗ ಇಟಗೊಂಡೂ ಇಲ್ಲ. ಇಟಗೊಂಡಿದ್ರ ನಾ ನಿಮ್ಮ ಮನಿಗೆ ಬರ್ತಿದ್ದಿಲ್ಲ."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಒಂದು ಭಜಿ ಮುರಿದು ವೈನಿಯ ಬಾಯಿಗೆ ಇಟ್ಟಳು. ಖಾರಕ್ಕೋ ಏನೋ, ಇಬ್ಬರ ಕಣ್ಣಲ್ಲೂ ನೀರಿತ್ತು. ಅಂದು ಸಂಜೆ ವೈನಿ ನಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿದರು.

ಕೆಲವು ತಿಂಗಳ ಮೇಲೆ ಕಾಕಾ ನೂಲಿನ ವ್ಯವಹಾರಕ್ಕೆಂದು ಮನೆಗೆ ಬಂದರು. ಅವ್ವ ಅವರನ್ನು ಮಾತಾಡಿಸದೆ ಒಳಗೆ ಬಂದಳು. ರಜೆಗೆ ಬಂದಿದ್ದ ವೈನಿ ಆಗಲೇ ಚಹಾಕ್ಕೆ ನೀರಿಟ್ಟಿದ್ದರು.

"ಅವಗ ಯಾಕಬೇ ಚಾ?"

"ನಿಮಗ ಒಂದ ವರ್ಷ ಹಿಡೀತಲ್ರಿ ಅತ್ತಿ. ಅವರಿಗೂ ಸ್ವಲ್ಪ ಟೈಮ್ ಕೊಡೂಣು."

ಅವ್ವನಿಗೆ ನಗು ತಡೆಯಲಾಗಲಿಲ್ಲ.

ಕಾಕಾ ಅಂದು ಕಪ್ಪನ್ನು ಮುಟ್ಟಲಿಲ್ಲ. ಮುಂದಿನ ಸಲವೂ ಚಹಾ ಆರಿ ಕೆನೆಗಟ್ಟಿತು. ವೈನಿ ಮಾತ್ರ ತಾವಿದ್ದಾಗ ಅವರು ಬಂದರೆ ತಪ್ಪದೆ ತಂದಿಟ್ಟು, "ತಗೋರಿ ಮಾವಾರ" ಎನ್ನುತ್ತಿದ್ದರು. ಹೋದ ಶ್ರಾವಣದಲ್ಲಿ ಒಂದು ದಿನ ಕಾಕಾ ಅವರ ಮುಖ ನೋಡದೆಯೇ ಕಪ್ಪು ಎತ್ತಿಕೊಂಡರು. ಒಂದು ಗುಟುಕು ಕುಡಿದರು. ತಪ್ಪಾಯಿತು ಅನ್ನಲಿಲ್ಲ.

"ಸಕ್ರಿ ಕಮ್ಮಿ ಹಾಕವಾ. ನನಗ ಶುಗರ್ ಐತಿ" ಎಂದರು.

"ಮೊದಲ ಹೇಳಬಾರದೇನ್ರಿ!" ಎಂದು ವೈನಿ ಕಪ್ಪನ್ನು ಅವರ ಕೈಯಿಂದ ತೆಗೆದುಕೊಂಡು ಬೇರೆ ಚಹಾ ಮಾಡಲು ಒಳಗೆ ಹೋದರು. ಕಾಕಾ ಕಾಯುತ್ತ ಕೂತರು.