ಕೈಮುಗಿಯುವ ಹುಳಕ್ಕೆ ಹಸಿವಾದಾಗ

ಇವತ್ತು ಬೆಳಿಗ್ಗೆ ಸ್ಕೂಟರಿನ ಕನ್ನಡಿಯ ಮೇಲೆ ಒಂದು ಸೂರ್ಯನ ಕುದುರೆ ಹುಳ ಕೂತಿತ್ತು. ಹಸಿರು ಮೈ, ಮಡಿಸಿದ ಕೈ. ಕತ್ತು ಹೊರಳಿಸಿ ನನ್ನನ್ನೇ ನೋಡಿತು. ಅಷ್ಟು ಸಾಕಾಯಿತು, ಹೊಳೆನರಸೀಪುರದ ನಮ್ಮ ಹಳೆಯ ಹಿತ್ತಿಲಿಗೆ ಹೋಗಿಬಿಟ್ಟೆ.

ಅಲ್ಲಿ ದಾಸವಾಳ ಕೀಳುವಾಗ ಅಜ್ಜಿಗೆ ಇಂಥದ್ದೇ ಒಂದು ಸಿಕ್ಕಿತ್ತು. "ಯಾವಾಗ್ಲೂ ಕೈ ಮುಗ್ಕಂಡೇ ಇರ್ತದೆ, ಅದ್ಕೇ ಕೈಮುಗಿಯೋ ಹುಳ ಅನ್ನೋದು ಕಣ್ಲಾ. ಪುಣ್ಯದ ಜೀವ" ಎಂದು ಕೊಂಬೆಯ ಸಮೇತ ದೇವರ ಮನೆಗೇ ತಂದಿಟ್ಟರು.

ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಇಷ್ಟು ಭಕ್ತಿಯ ಹುಳ ಇನ್ನೇನು ತಿಂದೀತೆಂದು ಅವರೆ ಎಲೆ, ಬಾಳೆಹಣ್ಣು, ಕೊನೆಗೆ ಕಲ್ಲುಸಕ್ಕರೆಯನ್ನೂ ಇಟ್ಟೆ. ಎರಡು ದಿನ ಏನನ್ನೂ ಮೂಸಲಿಲ್ಲ. ಸತ್ತೇ ಹೋಗುತ್ತದೆಂದು ನನಗೆ ಅಳು.

ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಗೌಡರ ಮನೆಯ ಸಾಕತ್ತೆ ನೋಡಿ ನಕ್ಕರು. "ಅದು ನಮ್ ಕಡೇದು ಕಣ್ಲಾ, ನಿಮ್ ಕಡೇದಲ್ಲ" ಎನ್ನುತ್ತಾ ಒಂದು ನೊಣ ಹಿಡಿದುಕೊಟ್ಟರು. ರೆಕ್ಕೆ ಹಿಡಿದು ಮುಂದೆ ಒಡ್ಡಿದೆನೋ ಇಲ್ಲವೋ, ಮುಗಿದ ಕೈ ಫಟ್ಟನೆ ಚಾಚಿಕೊಂಡಿತು! ಕೈ ತುಂಬ ಮುಳ್ಳು, ಮುಳ್ಳಿನ ನಡುವೆ ನೊಣ. ಜೋಳದ ತೆನೆಯ ಹಾಗೆ ಹಿಡಿದು ಕಡಿಯತೊಡಗಿತು. ನಾನು ಕುಣಿದಾಡಿದೆ.

ಅಷ್ಟರಲ್ಲಿ ಬಾಗಿಲಲ್ಲಿ ಅಜ್ಜಿ. ದೇವರ ಮುಂದೆಯೇ ಬಾಡೂಟ. ಹುಳದ ಕಥೆ ಮುಗಿಯಿತು ಅಂದುಕೊಂಡೆ.

ಅಜ್ಜಿ ಅದು ಉಂಡು ಮುಗಿಸುವ ತನಕ ಕಾದರು. ಆಮೇಲೆ ಕೊಂಬೆಯನ್ನು ಒಯ್ದು ಅವರೆ ಚಪ್ಪರಕ್ಕೆ ಸಿಕ್ಕಿಸಿದರು. "ಇಲ್ಲಿ ಬೇಕಾದಷ್ಟು ಹುಳ ಅವೆ, ಉಂಡ್ಕೊ. ಕೈ ತೊಳ್ಕಂಡು ಮುಗಿ, ಅಷ್ಟೆ."

ಇವತ್ತಿಗೂ ಯಾರಾದರೂ ನನಗೆ ಅತಿಯಾಗಿ ಕೈಮುಗಿದರೆ, ಊಟ ಆಯ್ತಾ ಅಂತ ಮೊದಲು ಕೇಳಿಬಿಡುತ್ತೇನೆ.